ಸಣ್ಣ ಧಣಿಯನ್ನೇ ಕೇಳಿ

ನನ್ನ ಕಸುಬಿನಲ್ಲಿ ಇಂಥವು ನಡೆಯದ ದಿನವೇ ಇಲ್ಲ. ನಾನು ಸ್ಪೀಚ್ ಥೆರಪಿಸ್ಟು. ನನ್ನ ಹತ್ತಿರ ಬರುವವರಿಗೆ ಮಾತು ಬರುವುದಿಲ್ಲ, ಅವರನ್ನು ಕರಕೊಂಡು ಬರುವವರಿಗೆ ಬಾಯಿ ಮುಚ್ಚಲು ಬರುವುದಿಲ್ಲ. ಮೊದಲನೆಯದಕ್ಕೆ ಏನು ಮಾಡಬೇಕು ಅಂತ ಮೈಸೂರಿನಲ್ಲಿ ಓದಿ ಬಂದಿದ್ದೇನೆ. ಎರಡನೆಯದಕ್ಕೆ ಯಾವ ಕಾಲೇಜಿನಲ್ಲೂ ಕೋರ್ಸಿಲ್ಲ.

ಗಂಡನ ರೈಲ್ವೆ ಕೆಲಸದ ಹಿಂದೆ ಕಲ್ಕತ್ತೆಗೆ ಬಂದು, ಜಾದವ್‌ಪುರದ ಹತ್ತಿರ ಅಂಗವಿಕಲರಾದ ದೊಡ್ಡವರಿಗಾಗಿ ನಡೆಯುತ್ತಿದ್ದ ಒಂದು ಕೇಂದ್ರಕ್ಕೆ ಸೇರಿಕೊಂಡೆ. ಸಾಲ್ಟ್ ಲೇಕಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಊರಿಗೆ ಊರೇ ಕಮ್ಯುನಿಕೇಷನ್ ಕಮ್ಯುನಿಕೇಷನ್ ಅಂತ ಬಡಕೊಳ್ಳುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರು ಹೇಳುತ್ತಾರೆ. ಹೇಳಲಿ ಬಿಡಿ. ಬರಬೇಕಾದ ಕಡೆ ಬರದೆ ಉಳಿದ ಕೋಪವನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ?

ಆ ಕೋಪದ ಮುಕ್ಕಾಲು ಪಾಲು ಖರ್ಚಾದದ್ದು ಇಬ್ಬರು ಅಣ್ಣತಮ್ಮಂದಿರ ವಿಷಯದಲ್ಲಿ. ಗರಿಯಾಹಾಟ್ ಹತ್ತಿರ ಅವರದೊಂದು ಉಡುಪಿ ಹೋಟೆಲು. ಕೆಲಸದವರು ಅಣ್ಣನನ್ನು ದೊಡ್ಡ ಧಣಿ, ತಮ್ಮನನ್ನು ಸಣ್ಣ ಧಣಿ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಸಣ್ಣ ಧಣಿಗೆ ಮೂವತ್ತನಾಲ್ಕು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು, ಗಂಟಲು ಯಾವುದೂ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಇರುತ್ತಿದ್ದರು. ಬಲಗೈಯ ತೋರುಬೆರಳು ಒಂದು ಮಾತ್ರ, ಸ್ವಲ್ಪ ಹೊತ್ತು ಕೊಟ್ಟರೆ, ಹೇಳಿದ ಜಾಗಕ್ಕೆ ಹೋಗುತ್ತಿತ್ತು.

ಮೊದಲ ದಿನವೇ ದೊಡ್ಡ ಧಣಿ ವಿಷಯ ಬಿಚ್ಚಿಟ್ಟರು. "ಎಂತ ಮಾಡುದು ಮೇಡಂ, ಹೋಟ್ಲಿನ ಹಿಂದೆ ನಾವು ಇರುವ ರೂಮೆಲ್ಲ ಒಡೆದು ದೊಡ್ಡದು ಮಾಡ್ತಾ ಇದ್ದೇವೆ. ಸಾಫ್ಟ್‌ವೇರಿನ ಮಕ್ಕಳು ಬರ್ತಾರಲ್ಲ, ಕೂರ್ಲಿಕ್ಕೆ ಜಾಗ ಇಲ್ಲ. ನಾವು ಫ್ಲ್ಯಾಟಿಗೆ ಹೋಗ್ತೇವೆ. ಅದು ಮೂರನೇ ಮಾಳಿಗೆ, ಲಿಫ್ಟಿಲ್ಲ. ಇವನನ್ನು ಹೊತ್ಕೊಂಡು ಹತ್ತುದು ಯಾರು? ಊರ ಹೊರಗೆ ಜೋಕಾದ ಆಚೆ ಇಂಥವರಿಗೆ ಅಂತ ಒಂದು ಹೋಂ ಉಂಟು. ನೀರು, ಬಾತ್ರೂಮು ಅಂತ ತಿಳಿಸ್ಲಿಕ್ಕೆ ಬಂದ್ರೆ ಸೇರಿಸ್ಕೊಳ್ತಾರಂತೆ. ಅಷ್ಟು ಕಲಿಸಿ ಕೊಡಿ, ಸಾಕು."

"ಅವರನ್ನ ಕೇಳಿದ್ರಾ?" ಅಂದೆ.

"ಯಾರನ್ನು?"

"ನಿಮ್ಮ ತಮ್ಮನ್ನ."

"ಅವನಿಗೆ ಎಂತ ಗೊತ್ತಾಗ್ತದೆ ಮೇಡಂ!"

ಈ ಮಾತನ್ನು ತಮ್ಮನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. ಕೆಟ್ಟ ಮನುಷ್ಯರಾಗಿದ್ದರೆ ಬೈದು ಕೈ ತೊಳಕೊಳ್ಳಬಹುದಿತ್ತು. ಆದರೆ ದಿನಾ ತಮ್ಮನಿಗೆ ಸ್ನಾನ ಮಾಡಿಸಿ, ತುತ್ತು ಕಲಸಿ ಬಾಯಿಗಿಟ್ಟು, ಬಾಯಿ ಒರೆಸಿದ ಮೇಲೇ ತಾವು ತಿನ್ನುತ್ತಿದ್ದ ಮನುಷ್ಯ. ಸಣ್ಣ ಧಣಿ ಎಲ್ಲ ಕೇಳಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಚೆನ್ನಾಗಿ ಕಲಿಸಿದಷ್ಟೂ ಅವರನ್ನು ಮನೆಯಿಂದ ಬೇಗ ಸಾಗಿಸುತ್ತಾರೆ. ಇದೆಂಥ ಗ್ರಹಚಾರದ ಪಾಠ ಅಂತ ಆ ದಿನ ಪೂರ್ತಿ ಹಲ್ಲು ಕಡಿದೆ.

ಬೀಗ ಹಾಕಿದ ಸಂಪನ್ಮೂಲ

ನಮ್ಮ ಕೇಂದ್ರದ ನಿರ್ದೇಶಕಿಯನ್ನು ಎಲ್ಲರೂ ದೀದಿ ಅನ್ನುತ್ತಿದ್ದರು. ಅವರ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು. ಬೀರುವಿನ ಮೇಲೆ ಇಂಗ್ಲಿಷಿನಲ್ಲಿ 'ಸಂಪನ್ಮೂಲಗಳು' ಅಂತ ಬೋರ್ಡು. ಬೀಗದ ಕೈ ಮಾತ್ರ ದೀದಿಯ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬೆನ್ನ ಮೇಲೆ ನೇತಾಡುತ್ತಿತ್ತು. ಸಾಮಾನು ಕೇಳಿದರೆ, "ಮುಟ್ಟಿದರೆ ಹಾಳಾಗುತ್ತೆ" ಅನ್ನುತ್ತಿದ್ದರು. ಮುಟ್ಟಿ ಮಾತಾಡಲಿ ಅಂತಲೇ ಮಾಡಿದ ಸಾಮಾನು ಕಣ್ರೀ ಅದು!

ಸಣ್ಣ ಧಣಿಗಾಗಿ ನಾನು ಜಗಳ ಆಡಿ ಬೀರು ತೆಗೆಸಿದೆ. ಒಳಗಿಂದ ವಿದೇಶದ ಒಂದು ಚಿತ್ರಪಟ ಬಂತು. ಮಾತು ಬಾರದವರು ಚಿತ್ರ ಮುಟ್ಟಿ ತಮಗೆ ಬೇಕಾದ್ದನ್ನು ತಿಳಿಸಬೇಕು. ಒಳ್ಳೆಯ ಉಪಾಯವೇ. ಆದರೆ ಪಟದಲ್ಲಿ ಇದ್ದದ್ದು ಹಿಮದ ಮನುಷ್ಯ, ಉಣ್ಣೆಯ ಕೈಗವಸು, ಬೇಸ್‌ಬಾಲ್ ದಾಂಡು, ತಟ್ಟೆಯ ಮೇಲೆ ಇಡೀ ಟರ್ಕಿ ಕೋಳಿ. ಅನ್ನ ಇಲ್ಲ, ಸಾರು ಇಲ್ಲ, ಸೊಳ್ಳೆ ಇಲ್ಲ. ಕಲ್ಕತ್ತೆಯಲ್ಲಿ ಕೂತು ಸೊಳ್ಳೆ ಅನ್ನಲು ಬಾರದಿದ್ದರೆ ಇನ್ನೇನು ಮಾತಾಡಿ ಏನು ಬಂತು? ಭಾವನೆಗಳು ಅಂತ ಒಂದು ಸಾಲು ಮುಖಗಳಿದ್ದವು. ಎಲ್ಲವೂ ನಗುತ್ತಿದ್ದವು. 'ಬೇಡ' ಅನ್ನಲು ಒಂದು ಚಿತ್ರವೂ ಇರಲಿಲ್ಲ.

"ಬೇಡ ಅನ್ನೋದು ಎಲ್ಲಿದೆ ದೀದಿ?" ಅಂದೆ.

"ನೆಗೆಟಿವ್ ವಿಚಾರ ಯಾಕೆ? ಎಷ್ಟು ಚೆಂದ ಇದೆ ನೋಡು ಖೋಕಾ!" ಅಂತ ದೀದಿ ಸಣ್ಣ ಧಣಿಯ ಗಲ್ಲ ಹಿಡಿದು ಅಲ್ಲಾಡಿಸಿದರು. ಬಂಗಾಳಿಯಲ್ಲಿ ಖೋಕಾ ಅಂದರೆ ಎಳೆ ಗಂಡುಮಗು. ಈ ಖೋಕಾಗೆ ದಪ್ಪ ಮೀಸೆ ಇತ್ತು, ಕಿವಿಯ ಹತ್ತಿರ ಕೂದಲು ನರೆತಿತ್ತು. ನನ್ನ ಮೈ ಉರಿದುಹೋಯಿತು.

ಸಣ್ಣ ಧಣಿ ಪಟವನ್ನು ನಿಧಾನಕ್ಕೆ ನೋಡಿದರು. ಬೆರಳು ಹಿಮದ ಮನುಷ್ಯನನ್ನು ದಾಟಿ, ಕೋಳಿಯನ್ನು ದಾಟಿ, ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರದ ಮೇಲೆ ಬಂದು ನಿಂತಿತು.

"ಆಹಾ, ಸ್ವಚ್ಛತೆಯ ಬಗ್ಗೆ ಎಷ್ಟು ಕಾಳಜಿ!" ಅಂದರು ದೀದಿ.

ಬೆರಳು ಅಲ್ಲಿಂದ ಎದ್ದು ಪಟದ ಅಂಚನ್ನು ತಟ್ಟಿ ಅಲ್ಲಾಡಿಸಿತು. ಮತ್ತೆ ಕಸದ ಬುಟ್ಟಿಯ ಮೇಲೆ ಹೋಗಿ ಕೂತಿತು. ನನಗೆ ನಗು ತಡೆಯಲಾಗಲಿಲ್ಲ. ಏನು ಹೇಳಿದ, ಏನು ಹೇಳಿದ ಅಂತ ದೀದಿ ನನ್ನ ತೋಳು ಹಿಡಿದು ಕೇಳಿದರು.

"ಮೊದಲನೇ ದಿನವೇ ಪೂರ್ತಿ ವಾಕ್ಯ ಮಾತಾಡಿದ್ದಾರೆ ಅಂತ ಬರ್ಕೊಳ್ಳಿ ದೀದಿ" ಅಂದೆ.

ಇವರಿಗೆ ಏನು ಬೇಕಂತೆ?

ಆಯ್ಕೆ ಮಾಡುವ ಅಭ್ಯಾಸ ಆಗಲಿ ಅಂತ ಒಂದು ದಿನ ಸಣ್ಣ ಧಣಿಯನ್ನು ಅಂಗಿ ಕೊಳ್ಳಲು ಗರಿಯಾಹಾಟ್‌ಗೆ ಕರಕೊಂಡು ಹೋದೆ. ಅದುವರೆಗೆ ಅವರು ತೊಟ್ಟದ್ದೆಲ್ಲ ಅಣ್ಣ ತಂದ ಬೂದು ಬಣ್ಣದ ಅಂಗಿ. ಕೊಳೆ ಕಾಣುವುದಿಲ್ಲವಂತೆ. ಟ್ಯಾಕ್ಸಿ ಡ್ರೈವರು ಒಳ್ಳೆಯವನು, ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸಿ ಅಂಗಡಿಯ ಒಳಗೆ ತಂದು ನಿಲ್ಲಿಸಿದ.

ಅಂಗಡಿಯವನು ನನ್ನ ಮುಖ ನೋಡಿ, "ಇವರಿಗೆ ಏನು ಬೇಕಂತೆ?" ಅಂದ.

"ಅವರನ್ನೇ ಕೇಳಿ" ಅಂದೆ.

"ಹೌದಾ, ಹೌದಾ" ಅಂತ ತಲೆ ಅಲ್ಲಾಡಿಸಿ, ಮತ್ತೆ ನನ್ನನ್ನೇ, "ಇವರಿಗೆ ಯಾವ ಬಣ್ಣ ಇಷ್ಟವಂತೆ?" ಅಂದ.

"ಅಂಗಿ ಅವರ ಮುಂದೆ ಹಿಡೀರಿ, ಅವರು ಬೆರಳಲ್ಲಿ ತೋರಿಸ್ತಾರೆ" ಅಂದೆ. ಹಿಡಿದ. ಯಾರ ಮುಂದೆ? ನನ್ನ ಮುಂದೆ. "ಇವರಿಗೆ ಇದು ಚೆನ್ನಾಗಿ ಕಾಣುತ್ತಲ್ಲ?" ಸಾಲದ್ದಕ್ಕೆ ಪಕ್ಕದಲ್ಲಿ ಸೀರೆ ನೋಡುತ್ತಿದ್ದ ಹೆಂಗಸರು, "ಆಹಾ ರೇ, ಪಾಪ, ಹುಟ್ಟಿನಿಂದಲೇ ಹೀಗಾ?" ಅಂತ ಅದನ್ನೂ ನನ್ನನ್ನೇ ಕೇಳಿದರು.

ನನಗೆ ಪಿತ್ತ ನೆತ್ತಿಗೇರಿತು. ನಾನು ಮಾತಾಡುವುದರಿಂದ ತಾನೇ ಇವರು ನನ್ನನ್ನು ಕೇಳುವುದು? ತುಟಿ ಬಿಗಿದುಕೊಂಡು ಕೂತುಬಿಟ್ಟೆ. ಅಂಗಡಿಯವನು ಏನು ಕೇಳಿದರೂ ಸುಮ್ಮನೆ ಸಣ್ಣ ಧಣಿಯ ಕಡೆ ಕೈ ತೋರಿಸಿದೆ. ಇನ್ನೇನು ವಿಧಿಯಿಲ್ಲದೆ ಅವರ ಕಡೆ ತಿರುಗುತ್ತಾನೆ ಅಂದುಕೊಂಡೆ. ಸಣ್ಣ ಧಣಿಯೂ ಬೆರಳು ಸಿದ್ಧ ಮಾಡಿಕೊಂಡು ಕಾದಿದ್ದರು.

ಅಂಗಡಿಯವನ ಮುಖದಲ್ಲಿ ಕರುಣೆ ಉಕ್ಕಿತು. ನನ್ನನ್ನೊಮ್ಮೆ ನೋಡಿದ, ಅವರನ್ನೊಮ್ಮೆ ನೋಡಿದ, ಆಮೇಲೆ ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದ ಟ್ಯಾಕ್ಸಿ ಡ್ರೈವರನ್ನು ಕೂಗಿ ಕರೆದು ಕೇಳಿದ.

"ದಾದಾ, ಇವರಿಬ್ಬರಿಗೂ ಏನು ಬೇಕಂತೆ?"

ಮಧ್ಯಾಹ್ನದ ಶನಿ

ಸಣ್ಣ ಧಣಿಗೆ ದಿನಾ ಮಧ್ಯಾಹ್ನ ಊಟದ ಗಲಾಟೆ ಮುಗಿಯುತ್ತಿದ್ದ ಹಾಗೆ ಶನಿ ಹಿಡಿಯುತ್ತದೆ ಅಂತ ದೊಡ್ಡ ಧಣಿ ಹೇಳುತ್ತಿದ್ದರು. ಕಿರುಚುತ್ತಾರಂತೆ, ಮಂಚ ಒದೆಯುತ್ತಾರಂತೆ. ಊರಿನ ಭಟ್ಟರಿಂದ ಶನಿಶಾಂತಿ ಮಾಡಿಸಿದ್ದರು. ಕಾಳೀಘಾಟಿನಿಂದ ಕೆಂಪು ದಾರ ತಂದು ಕಟ್ಟಿದ್ದರು. ಡಾಕ್ಟರೊಬ್ಬರು ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಅವರೂ ರೋಗಿಯನ್ನು ಬಿಟ್ಟು ಅಣ್ಣನನ್ನು ಕೇಳಿಯೇ ಬರೆದದ್ದು.

ನಾನೇ ಹೋಗಿ ನೋಡುತ್ತೇನೆ ಅಂತ ಮೇ ತಿಂಗಳ ಒಂದು ಮಧ್ಯಾಹ್ನ ಹೋಟೆಲಿಗೆ ಹೋದೆ. ಸಣ್ಣ ಧಣಿಯ ಕೋಣೆ ಅಡುಗೆಮನೆಯ ಹಿಂದುಗಡೆ. ಗೋಡೆಗೆ ಆಚೆ ಮಗ್ಗುಲಲ್ಲಿ ದೋಸೆ ಕಾವಲಿ. ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯೊಳಗೆ ಹೊಕ್ಕ ಹಾಗಾಯಿತು. ಅವರು ಕೂಗುತ್ತಿದ್ದರು, ಅಣ್ಣ ಎದೆ ನೀವುತ್ತಾ, "ಹೋಯ್ತು, ಹೋಯ್ತು, ಈಗ ಹೋಗ್ತದೆ" ಅನ್ನುತ್ತಿದ್ದರು.

ಮಂಚದ ಪಕ್ಕದ ಗೋಡೆಗೆ ಹಳೆಯ ಮೆನು ಕಾರ್ಡೊಂದನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಇಂಗ್ಲಿಷಿನದು. ಸಣ್ಣ ಧಣಿ ಕೂಗುತ್ತಲೇ ಅದನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಕಾರ್ಡು ಕಿತ್ತು ಅವರ ಬೆರಳಿನ ಹತ್ತಿರ ಹಿಡಿದೆ. ಬೆರಳು ನಡುಗುತ್ತಾ ಬಂದು ಕಾಫಿಯ 'ಎಫ್' ಮೇಲೆ ಕೂತಿತು. ಅಲ್ಲಿಂದ ಮಸಾಲೆಯ 'ಎ'. ಅಲ್ಲಿಂದ ಆನಿಯನ್ನಿನ 'ಎನ್'.

ಎಫ್, ಎ, ಎನ್. ತಲೆ ಎತ್ತಿ ನೋಡಿದೆ. ಫ್ಯಾನು ನಿಂತಿತ್ತು. ಊಟದ ಹೊತ್ತು ಮುಗಿದ ಕೂಡಲೇ ಆ ಕಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಹೋಟೆಲಿನ ವಾಡಿಕೆ. ಹಿಂದಿನ ಕೋಣೆಯಲ್ಲಿ ಒಬ್ಬ ಮನುಷ್ಯ ಮಲಗಿದ್ದಾನೆ ಅನ್ನುವುದು ಆ ವಾಡಿಕೆಗೆ ಗೊತ್ತಿರಲಿಲ್ಲ.

ನಾನು ಹೋಗಿ ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು. ಶನಿ ಬಿಟ್ಟು ಹೋಯಿತು.

"ಇವನಿಗೆ ಓದ್ಲಿಕ್ಕೆ ಬರ್ತದಾ!" ಅಂತ ದೊಡ್ಡ ಧಣಿ ನೆಲದ ಮೇಲೆ ಕೂತುಬಿಟ್ಟರು. ವರ್ಷಗಟ್ಟಲೆ ಗೋಡೆಯ ಆಚೆಯಿಂದ ಆರ್ಡರು ಕೂಗುವುದನ್ನು ಕೇಳುತ್ತಾ, ಈಚೆ ಅದೇ ತಿಂಡಿಗಳ ಹೆಸರು ನೋಡುತ್ತಾ ಆ ಮನುಷ್ಯ ಅಕ್ಷರ ಕಲಿತಿದ್ದರು. ಒಬ್ಬರಿಗೂ ಗೊತ್ತಾಗಿರಲಿಲ್ಲ. ದೊಡ್ಡ ಧಣಿಯ ಕಣ್ಣಲ್ಲಿ ನೀರು ತುಂಬಿತು. ತಮ್ಮನ ಕೆನ್ನೆ ಸವರಿ ನಿಜವಾದ ಸಂಕಟದಿಂದ ಕೇಳಿದರು.

"ಅಲ್ಲ ಮಾರಾಯ, ಇದನ್ನು ಮೊದ್ಲೇ ಹೇಳ್ಬಾರ್ದಿತ್ತಾ?"

ಸಾಫ್ಟ್‌ವೇರಿನವರ ಉಡುಗೊರೆ

ಓದಲು ಬರುತ್ತದೆ ಅಂತ ಗೊತ್ತಾದ ಮೇಲಾದರೂ ಹೋಮಿನ ವಿಷಯ ಅವರನ್ನೇ ಕೇಳುತ್ತಾರೆ ಅಂದುಕೊಂಡೆ. ದೊಡ್ಡ ಧಣಿ ಮಾಡಿದ್ದೇನು ಗೊತ್ತೇ? ಹೋಮಿಗೆ ಫೋನು ಹಚ್ಚಿ, "ಈಗ ಎಲ್ಲ ತಿಳಿಸ್ತಾನೆ, ಸೇರಿಸ್ಕೊಳ್ಳಬಹುದು" ಅಂದರು. ನಾನು ಕೂಗಾಡಿದ್ದಕ್ಕೆ, "ಫ್ಯಾನಿನ ವಿಷಯ ಬೇರೆ, ಮನೆ ವಿಷಯ ಬೇರೆ ಮೇಡಂ" ಅಂದರು.

ಅದೇ ಸಮಯಕ್ಕೆ ಸಾಲ್ಟ್ ಲೇಕಿನ ಒಂದು ಕಂಪನಿಯವರು ನಮ್ಮ ಕೇಂದ್ರಕ್ಕೆ ಮಾತಾಡುವ ಕಂಪ್ಯೂಟರು ದಾನ ಕೊಟ್ಟರು. ಅಕ್ಷರ ಒತ್ತಿದರೆ ಅದು ಓದಿ ಹೇಳುತ್ತದೆ, ಅಮೆರಿಕದ ಹೆಂಗಸಿನ ದನಿಯಲ್ಲಿ. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಒಂದು ದಂಡೇ ಬಂತು, ಜತೆಗೊಬ್ಬ ಮ್ಯಾನೇಜರು, ಒಬ್ಬ ಫೋಟೋದವನು. ದೀದಿ ಶಂಖ ಊದಿಸಿ ಬರಮಾಡಿಕೊಂಡರು.

ಮ್ಯಾನೇಜರು ಸಣ್ಣ ಧಣಿಯ ಮುಂದೆ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಜೋರಾಗಿ, "ನಮಗೆ ಏನಾದರೂ ಹೇಳಿ! ಏನು ಬೇಕಾದರೂ!" ಅಂದ. ಸಣ್ಣ ಧಣಿ ಬೆರಳು ಎತ್ತಿದರು. ಅವರಿಗೆ ಒಂದು ಅಕ್ಷರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಬೇಕೇ ಬೇಕು. ಮ್ಯಾನೇಜರು ಗಡಿಯಾರ ನೋಡಿಕೊಂಡ.

'ಡಬ್ಲ್ಯೂ' ಬಿತ್ತು.

"ವೆಲ್ಕಂ! ವೆಲ್ಕಂ ಅಂತಿದ್ದಾರೆ!" ಅಂತ ಮ್ಯಾನೇಜರು ಚಪ್ಪಾಳೆ ತಟ್ಟಿದ. ದಂಡೂ ತಟ್ಟಿತು. ಸಣ್ಣ ಧಣಿ ತಲೆ ಅಲ್ಲಾಡಿಸಿ ಮುಂದುವರಿಸಿದರು. 'ಎ' ಬಿತ್ತು.

"ವಾಟರ್! ನೀರು, ಯಾರಾದ್ರೂ ನೀರು ತನ್ನಿ!" ನೀರು ಬಂತು. ದೀದಿ ಕುಡಿಸಲು ಹೋಗಿ ಅಂಗಿಯೆಲ್ಲ ಒದ್ದೆ ಮಾಡಿದರು. ಮುಖ ಒರೆಸಿದ ಮೇಲೆ ಸಣ್ಣ ಧಣಿ ಮತ್ತೆ ಬೆರಳು ಎತ್ತಿದರು. ಅಷ್ಟರಲ್ಲಿ ಇನ್ನೊಬ್ಬ, "ವಾಕ್ ಇರಬೇಕು ಸರ್, ಹೊರಗೆ ಸುತ್ತಾಡಬೇಕಂತೆ" ಅಂತ ಕುರ್ಚಿಯನ್ನು ಬಾಗಿಲ ಕಡೆ ತಳ್ಳತೊಡಗಿದ. ನಾನು ಚಕ್ರಕ್ಕೆ ಕಾಲು ಅಡ್ಡ ಕೊಟ್ಟು ನಿಲ್ಲಿಸಿದೆ. "ಅವರನ್ನ ಮುಗಿಸೋಕೆ ಬಿಡ್ರಯ್ಯಾ!" ಅಂತ ಕನ್ನಡದಲ್ಲೇ ಅರಚಿದೆ. ಭಾಷೆ ತಿಳಿಯದಿದ್ದರೂ ಅರ್ಥ ಆಯಿತು.

ಸಣ್ಣ ಧಣಿ ಬೆವರು ಸುರಿಸುತ್ತಾ ಉಳಿದ ಎರಡಕ್ಷರ ಒತ್ತಿದರು. ಕೊನೆಗೆ ಅಮೆರಿಕದ ಹೆಂಗಸು ಜೇನು ಸುರಿದ ಹಾಗೆ ಒಂದೇ ಒಂದು ಮಾತು ಹೇಳಿದಳು.

"ವೇಟ್."

ಅಷ್ಟು ಹೊತ್ತಿಗೆ ಮ್ಯಾನೇಜರು ಲಿಫ್ಟಿನೊಳಗೆ ಹೋಗಿ ಆಗಿತ್ತು.

ಗಂಟಲು ದಾನ

ಆ ಕಂಪ್ಯೂಟರೂ ಹಾಳಾಗಬಾರದು ಅಂತ ಬೀರು ಸೇರಿತು. ನಾನು ಮೈಸೂರಿನ ಗೆಳತಿಯ ಕೈಕಾಲು ಹಿಡಿದು ಒಂದು ಸಣ್ಣ ಪೆಟ್ಟಿಗೆ ತರಿಸಿದೆ. ಚಪಾತಿ ಮಣೆಯಷ್ಟು ಅಗಲ, ಎಂಟು ಗುಂಡಿ. ಒಂದೊಂದರಲ್ಲೂ ಯಾರ ದನಿಯಲ್ಲಾದರೂ ಒಂದೊಂದು ಮಾತು ತುಂಬಿಡಬಹುದು, ಒತ್ತಿದರೆ ಅದು ಹೊರಗೆ ಬರುತ್ತದೆ. ಉದ್ದದ ಮಾತಿಗೆ ನಾನೇ ಇಂಗ್ಲಿಷ್ ಅಕ್ಷರಮಾಲೆ ಬರೆದುಕೊಟ್ಟ ಕಾರ್ಡು, ಗಡಿಬಿಡಿಯ ಮಾತಿಗೆ ಪೆಟ್ಟಿಗೆ.

ಯಾರ ದನಿ ತುಂಬುವುದು? ದೀದಿ ಗಂಟಲು ಸರಿ ಮಾಡಿಕೊಂಡು, "ದಯವಿಟ್ಟು ನನಗೆ ಸ್ವಲ್ಪ ನೀರು ಕೊಡುವಿರಾ" ಅಂತ ಉಲಿದರು. ಸಣ್ಣ ಧಣಿ ಮುಖ ಸಿಂಡರಿಸಿಕೊಂಡರು. ನಿಮಗೆ ಯಾರ ದನಿ ಬೇಕು ಅಂತ ಕಾರ್ಡು ಮುಂದಿಟ್ಟು ಕೇಳಿದೆ. ಅವರು ತೋರಿಸಿದ್ದು ಹೋಟೆಲಿನ ಹಿರಿಯ ಸಪ್ಲೈಯರನ್ನು. ಕುಂದಾಪುರದ ಕಡೆಯವರು, ಹೋ ಅಂತ ಕೂಗಿದರೆ ಅಡುಗೆಮನೆಯ ಪಾತ್ರೆ ಅದುರುತ್ತಿದ್ದವು. ಸಣ್ಣ ಧಣಿ ಹುಟ್ಟಿದಾಗಿನಿಂದ ಗೋಡೆಯಾಚೆ ಕೇಳಿದ ಗಂಡಸಿನ ಗಂಟಲು ಅದೇ.

"ನನ್ನ ಗಂಟಲಾ? ಸಣ್ಣ ಧಣಿಗಾ?" ಅಂತ ಸಪ್ಲೈಯರು ಬೆರಗಾದರು. ಮಾರನೇ ದಿನ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ಬಂದು ಕೂತರು.

"ಮೆತ್ತಗೆ ಹೇಳಿ, ನೀರು ಬೇಕು" ಅಂದೆ.

"ಆಯ್ತು ಅಕ್ಕ" ಅಂತ ಮೆತ್ತಗೆ ಅಂದು, ಉಸಿರೆಳೆದುಕೊಂಡು, "ನೀರ್ ಒಂದೇಯ್!" ಅಂತ ಬಿಟ್ಟರು. ಕಿಟಕಿಯ ಗಾಜು ಝಲ್ಲೆಂದಿತು. ಎಷ್ಟು ಸಲ ಹೇಳಿದರೂ ಅಷ್ಟೇ. ಮಾಮೂಲಿ ಮಾತು ಬರುತ್ತಿತ್ತು, ಗುಂಡಿ ಒತ್ತಿ ಪೆಟ್ಟಿಗೆ ಮುಂದೆ ಹಿಡಿದರೆ ಆರ್ಡರೇ ಬರುತ್ತಿತ್ತು. "ಬೇಡ, ಕ್ಯಾನ್ಸಲ್!" ಅನ್ನುವುದನ್ನು ತುಂಬಿದಾಗ ಸಣ್ಣ ಧಣಿ ಎಷ್ಟು ನಕ್ಕರೆಂದರೆ ಕುರ್ಚಿಯಿಂದ ಜಾರಿದರು. ಒಂದು ಗುಂಡಿ ಥ್ಯಾಂಕ್ಯೂಗೆ ಇರಲೇಬೇಕು ಅಂತ ದೀದಿ ಹಟ ಹಿಡಿದರು. ಅದೂ ಪಾರ್ಸಲ್ ಕಟ್ಟಿಸಿದ ಹಾಗೇ ಬಂತು.

ಆ ವಾರ ನಮ್ಮ ಕೇಂದ್ರದ ಹಳೆಯ ಟ್ರಸ್ಟಿಯೊಬ್ಬರು ತೀರಿಕೊಂಡರು. ಫೋಟೋಗೆ ಹಾರ ಹಾಕಿ, ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಿದ್ದೆವು. ಸೂಜಿ ಬಿದ್ದರೂ ಕೇಳುವಂಥ ಮೌನ.

"ಬಾತ್ರೂಮ್ ಒಂದೇಯ್! ಅರ್ಜೆಂಟ್!"

ದೀದಿ ಎದೆ ಹಿಡಿದುಕೊಂಡರು. ಎಲ್ಲರ ಕಣ್ಣೂ ಸಣ್ಣ ಧಣಿಯ ಮೇಲೆ. ಅವರು ತಪ್ಪೇನು ಅನ್ನುವ ಹಾಗೆ ಎದೆ ಸೆಟೆದು ಕೂತಿದ್ದರು. ಆಗ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಟ್ರಸ್ಟಿಯೊಬ್ಬರು ಊರುಗೋಲು ಎತ್ತಿಕೊಂಡು ಮೆಲ್ಲಗೆ ಬಾಗಿಲ ಕಡೆ ಹೊರಟರು.

"ಆಮಾರೋ" ಅಂದರು. ನನಗೂ ಅಂತ.

ಒಂದನೇ ಟೇಬಲ್

ಫ್ಲ್ಯಾಟು ಸಿದ್ಧವಾಯಿತು. ಜೋಕಾದ ಆಚೆಯ ಹೋಮಿನ ಸೂಪರಿಂಟೆಂಡೆಂಟರು ಸಣ್ಣ ಧಣಿಯನ್ನು ನೋಡಿ ಒಪ್ಪಿಕೊಳ್ಳಲು ಒಂದು ಸಂಜೆ ಹೋಟೆಲಿಗೆ ಬಂದರು. ದೀದಿಯನ್ನೂ ನನ್ನನ್ನೂ ಕರೆದಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದ ಒಂದನೇ ಟೇಬಲ್ಲಿಗೆ ಕೂತೆವು. ಸಣ್ಣ ಧಣಿ ಕುರ್ಚಿಯಲ್ಲಿ, ತೊಡೆಯ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಅಕ್ಷರದ ಕಾರ್ಡು.

ಸಂಜೆ ಹೊತ್ತು ಆ ಹೋಟೆಲಿನಲ್ಲಿ ಒಂದು ಯುದ್ಧವೇ ನಡೆಯುತ್ತಿತ್ತು. ಕಲ್ಕತ್ತೆಯವರು ಅಡ್ಡಾದ ಜನ. ಒಂದು ಕಾಫಿ ಇಟ್ಟುಕೊಂಡು ಫುಟ್‌ಬಾಲಿನಿಂದ ಹಿಡಿದು ಪ್ರಪಂಚದ ರಾಜಕೀಯದವರೆಗೆ ಹರಟುತ್ತಾ ಕೂತರೆ ಏಳುವುದೇ ಇಲ್ಲ. ಉಡುಪಿ ಹೋಟೆಲಿಗೆ ಅದು ಹೇಗೆ ತಾಳೀತು? ಅದಕ್ಕೇ ಹಿರಿಯ ಸಪ್ಲೈಯರು ಟೇಬಲಿನ ನಂಬರು ಹೇಳಿ ಬಿಲ್ಲು ಕೂಗುವುದು. ಕೂಗಿದ ಕೂಡಲೇ ಹತ್ತಿರ ಇದ್ದ ಸಪ್ಲೈಯರು ಎರಡನೇ ಮಾತಿಲ್ಲದೆ ಆ ಟೇಬಲಿಗೆ ಬಿಲ್ಲು ಇಡಬೇಕು. ಗಿರಾಕಿ ಎದ್ದು ಹೋಗಬೇಕು.

ಸೂಪರಿಂಟೆಂಡೆಂಟರು ಮಸಾಲೆ ದೋಸೆ ಮುರಿಯುತ್ತಾ ಹೋಮನ್ನು ಹೊಗಳಿದರು. ಎಲ್ಲರಿಗೂ ಒಂದೇ ಥರದ ಬಟ್ಟೆ, ಒಂದೇ ಹೊತ್ತಿಗೆ ನಿದ್ದೆ, ಗಲಾಟೆ ಇಲ್ಲ, ಪರಮ ಶಾಂತಿ. ಆಮೇಲೆ ನನ್ನ ಕಡೆ ತಿರುಗಿ, "ಇವನಿಗೆ ರಾತ್ರಿ ಹಟ ಗಿಟ ಇದೆಯಾ? ಏನು ಕೊಟ್ಟರೂ ತಿನ್ನುತ್ತಾನಾ?" ಅಂದರು.

"ಬೇಡ, ಕ್ಯಾನ್ಸಲ್!" ಅಂತ ಪೆಟ್ಟಿಗೆ ಗುಡುಗಿತು. ನಮ್ಮ ಟೇಬಲಿಗೆ ವಡೆ ತರುತ್ತಿದ್ದ ಸಪ್ಲೈಯರು ನಿಂತಲ್ಲೇ ತಿರುಗಿ ವಡೆ ಸಮೇತ ಒಳಗೆ ಹೋದರು.

ಸೂಪರಿಂಟೆಂಡೆಂಟರು ನನ್ನನ್ನೇ ಕೇಳಿದರು. "ಏನಂತೆ ಇವನದು?"

ಸಾಕಾಯಿತು ನನಗೆ. ಟೇಬಲ್ಲು ಗುದ್ದಿದೆ, ಸಾಂಬಾರು ಚೆಲ್ಲಿತು. "ಎದುರಿಗೆ ಕೂತಿರೋ ಮನುಷ್ಯ ಕಾಣಲ್ವೇನ್ರೀ ನಿಮಗೆ?" ಅಂತ ಶುರು ಮಾಡಿ, ದೊಡ್ಡ ಧಣಿಯ ಕಡೆ ತಿರುಗಿದೆ. "ನೀವು ಇಷ್ಟು ವರ್ಷ ಬಾಯಿಗೆ ತುತ್ತಿಟ್ಟಿದ್ದೀರಿ, ಒಂದು ಸಲ, ಒಂದೇ ಒಂದು ಸಲ, ನಿನಗೇನು ಬೇಕೋ ಅಂತ ಕೇಳಿದ್ದೀರಾ? ಅವರನ್ನ ಮನೆಯಿಂದ ಕಳಿಸ್ತಿರೋದು, ನನ್ನನ್ನಲ್ಲ! ನನ್ನನ್ನ ಕೇಳ್ಬೇಡಿ! ಅವರನ್ನ ಕೇಳಿ!"

ಪಕ್ಕದ ಟೇಬಲಿನ ಅಡ್ಡಾ ಕೂಡ ನಿಂತಿತು. ದೊಡ್ಡ ಧಣಿ ಕುರ್ಚಿ ಎಳೆದುಕೊಂಡು ತಮ್ಮನಿಗೆ ಎದುರಾಗಿ ಕೂತರು.

"ನಿಂಗೆ ಎಂತ ಬೇಕು ಮಾರಾಯ? ಹೇಳು" ಅಂದರು.

ಕಾರ್ಡು ಹಿಡಿದೆ. ಬೆರಳು ಹೊರಟಿತು. ಇಂಗ್ಲಿಷ್ ಅಕ್ಷರ, ಕನ್ನಡದ ಮಾತು. ನಾನು ಒಂದೊಂದೇ ಕೂಡಿಸಿ ಓದಿದೆ. "ಕೆಳಗೆ."

ದೀದಿ ನನ್ನಿಂದ ಅರ್ಥ ಕೇಳಿಕೊಂಡು ಸೂಪರಿಂಟೆಂಡೆಂಟರಿಗೆ ಹೇಳಿದರು. ಅವರು ಏನೋ ಬಿದ್ದಿದೆ ಅಂತ ಟೇಬಲಿನ ಅಡಿ ಬಗ್ಗಿ ನೋಡಿದರು.

"ಖಾಲಿ" ಅಂದಿತು ಬೆರಳು. ಆಮೇಲೆ, "ಬ್ರೋಕರ್."

ದೊಡ್ಡ ಧಣಿ ಹುಬ್ಬು ಗಂಟಿಕ್ಕಿದರು. ಫ್ಲ್ಯಾಟಿನ ಬ್ರೋಕರು ವಾರಕ್ಕೊಮ್ಮೆ ಇದೇ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವವನು. ಆ ಕಟ್ಟಡದ ನೆಲಮಹಡಿಯ ಮನೆ, ಅದೇ ಬೀದಿಯ ಮಟ್ಟದ್ದು, ಯಾರೂ ಕೊಳ್ಳದೆ ಬಿದ್ದಿದೆ ಅಂತ ಸ್ನೇಹಿತನ ಹತ್ತಿರ ಅಲವತ್ತುಕೊಂಡಿದ್ದನಂತೆ. ಕಂಬದ ಮುಂದೆ ಮಾತಾಡಿದ ಹಾಗೆ, ಗಲ್ಲಾದ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಸಣ್ಣ ಧಣಿಯ ಮುಂದೆಯೇ ಮಾತಾಡಿದ್ದ. ಇವರು ಕೇಳಿಸಿಕೊಂಡಿದ್ದರು.

"ಕೆಳಗಿನದ್ದಾ!" ದೊಡ್ಡ ಧಣಿ ಅರ್ಧ ಎದ್ದರು. "ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಲ್ತದೆ ಮಾರಾಯ! ಅದಕ್ಕೇ ಯಾರೂ ತಕೊಳ್ಳುದಿಲ್ಲ. ನೀನು ಮಲಗುದು ಎಲ್ಲಿ?"

ಬೆರಳು ಬಹಳ ಹೊತ್ತು ತೆಗೆದುಕೊಂಡಿತು. ಒಬ್ಬರೂ ಊಹಿಸಲಿಲ್ಲ, ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ.

"ಇಟ್ಟಿಗೆ" ಅಂತ ಓದಿದೆ.

ಇಟ್ಟಿಗೆ! ಕಲ್ಕತ್ತೆಯಲ್ಲಿ ಯಾವ ಮನೆಗೆ ಹೋದರೂ ಮಂಚದ ಕಾಲಿನ ಅಡಿ ಇಟ್ಟಿಗೆ ಪೇರಿಸಿ ಎತ್ತರ ಮಾಡಿರುತ್ತಾರೆ. ನೀರು ನುಗ್ಗುವ ಬೀದಿಗಳಲ್ಲಂತೂ ಇನ್ನೂ ಎತ್ತರ. ನಾನು ಬಂಗಾಳಿಯಲ್ಲಿ ಹೇಳಿದ್ದೇ ತಡ, ಅಡ್ಡಾದ ಟೇಬಲಿನವರು "ಠಿಕ್ ಬೋಲೇಛೆ! ಸರಿಯಾಗಿ ಹೇಳಿದರು!" ಅಂತ ಟೇಬಲ್ಲು ತಟ್ಟಿದರು.

ದೊಡ್ಡ ಧಣಿ ತಮ್ಮನ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. "ನನಗೆ ಮಂಡೆ ಇಲ್ಲ, ನಿಂಗಾದ್ರೂ ಉಂಟಲ್ಲ" ಅಂತ ಎಲ್ಲರ ಮುಂದೆ ಅತ್ತುಬಿಟ್ಟರು. "ನಾಳೆ ಬ್ರೋಕರನ್ನು ಕರೀತೇನೆ. ನೀನೂ ಕೂತ್ಕೋ. ನಿನ್ನ ಹತ್ರವೇ ಮಾತಾಡ್ಲಿ."

ಇಷ್ಟಾದರೂ ಸೂಪರಿಂಟೆಂಡೆಂಟರು ಏಳಲಿಲ್ಲ. ಇನ್ನೊಂದು ಕಾಫಿ ಹೇಳಿ, ನಮ್ಮಲ್ಲಿ ತೋಟ ಇದೆ, ಭಜನೆ ಇದೆ ಅಂತ ಮೊದಲಿಂದ ಶುರು ಮಾಡಿದರು. ದೀದಿಗೆ ಮುಜುಗರ. ಅಷ್ಟು ದೂರದಿಂದ ಬಂದವರು, ಮರ್ಯಾದೆಗಾದರೂ ಒಂದು ಮಾತು ಬೇಡವೇ ಅಂತ ಸಣ್ಣ ಧಣಿಯ ಕಡೆ ಬಗ್ಗಿ, "ಖೋಕಾ, ಸರ್‌ಗೆ ಥ್ಯಾಂಕ್ಯೂ ಹೇಳು. ಆ ಕೊನೆಯ ಗುಂಡಿ, ನೆನಪಿದೆಯಲ್ಲ?" ಅಂದರು.

ಸಣ್ಣ ಧಣಿ ವಿಧೇಯರಾಗಿ ಕೊನೆಯ ಗುಂಡಿ ಒತ್ತಿದರು.

"ಒಂದನೇ ಟೇಬಲ್ ಬಿಲ್ಲೇಯ್! ಟೇಬಲ್ ಖಾಲಿ!"

ನಾನು ಅದನ್ನು ತುಂಬಿರಲಿಲ್ಲ. ದೇವರಾಣೆ ತುಂಬಿರಲಿಲ್ಲ. ತಿರುಗಿ ನೋಡಿದರೆ ಹಿರಿಯ ಸಪ್ಲೈಯರು ಆಗಲೇ ಒರೆಸಿದ್ದ ಟೇಬಲನ್ನು ಬಹಳ ಶ್ರದ್ಧೆಯಿಂದ ಮತ್ತೆ ಒರೆಸುತ್ತಿದ್ದರು. ಹತ್ತಿರ ನಿಂತಿದ್ದ ಸಪ್ಲೈಯರು ವಾಡಿಕೆಯ ಪ್ರಕಾರ ಎರಡನೇ ಮಾತಿಲ್ಲದೆ ಬಂದು, ಸೋಂಪಿನ ತಟ್ಟೆಯಲ್ಲಿ ಬಿಲ್ಲನ್ನು ಸೂಪರಿಂಟೆಂಡೆಂಟರ ಮುಂದೆ ಇಟ್ಟುಬಿಟ್ಟರು.

ಕರೆಸಿದ ಅತಿಥಿಗೆ ಬಿಲ್ಲು! ದೊಡ್ಡ ಧಣಿ ಗಾಬರಿಯಾಗಿ ಅದನ್ನು ಹಿಂದಕ್ಕೆ ತೆಗೆಯಲು ಕೈ ಚಾಚಿದರು. ಚಾಚಿದ ಕೈ ಅರ್ಧದಲ್ಲಿ ನಿಂತಿತು. ತಮ್ಮನ ಮುಖ ನೋಡಿ, "ತೆಗೀಲಾ, ಬೇಡ್ವಾ?" ಅಂತ ಕೇಳಿದರು.

ಸಣ್ಣ ಧಣಿಯ ಬೆರಳು ಎದ್ದು 'ಬೇಡ, ಕ್ಯಾನ್ಸಲ್' ಗುಂಡಿಯ ತನಕ ಬಂತು. ಅಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಒತ್ತದೆ ಹಾಗೇ ವಾಪಸ್ಸು ಬಂದು ತೊಡೆಯ ಮೇಲೆ ಕೂತಿತು.

ಸೂಪರಿಂಟೆಂಡೆಂಟರು ಪರ್ಸು ತೆಗೆದರು.